ಒಂದೇ ಅಳತೆಯ ದೂಳು

ನಮ್ಮ ಬೀದಿಯ ಕೊನೆಯಲ್ಲಿ ಹೊಸ ಮನೆಯೊಂದು ಏಳುತ್ತಿದೆ. ಹೋದ ವಾರ ಅಲ್ಲಿ ಅಡುಗೆಕಟ್ಟೆಗೆ ಗ್ರಾನೈಟ್ ಕೂರಿಸುವ ಕೆಲಸ ನಡೆದಿತ್ತು. ಬೆಳಿಗ್ಗೆ ಹಾಲು ತರಲು ಹೊರಟಾಗಲೇ ಕಟ್ಟರ್ ಕಿರುಚುವ ಸದ್ದು ಬೀದಿಯನ್ನೆಲ್ಲ ತುಂಬಿತ್ತು. ಗೇಟಿನ ಹತ್ತಿರ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗನೊಬ್ಬ ಕಪ್ಪು ಕಲ್ಲಿನ ಹಲಗೆಯ ಮೇಲೆ ಒಂದು ಕಾಲೂರಿ ಕುಯ್ಯುತ್ತಿದ್ದ. ತಲೆಗೂ ಮೂಗಿಗೂ ಸೇರಿಸಿ ಒಂದೇ ಟವೆಲ್ ಸುತ್ತಿಕೊಂಡಿದ್ದ. ಹುಬ್ಬು, ರೆಪ್ಪೆ, ಮುಂಗೈ ಕೂದಲು ಎಲ್ಲ ಬೆಳ್ಳಗೆ. ಎದುರುಮನೆಯ ದಾಸವಾಳದ ಎಲೆಗಳ ಮೇಲೂ ಹಿಟ್ಟು ಉದುರಿಸಿದಂತೆ ದೂಳು ಕೂತಿತ್ತು.

ಅವನು ಮಷೀನ್ ನಿಲ್ಲಿಸಿದಾಗ ಕೇಳಿದೆ: ‘ನೀರು ಬಿಟ್ಕೊಂಡು ಕುಯ್ಯಬಾರದೇನಪ್ಪಾ, ಇಷ್ಟು ದೂಳು ಕುಡೀತಿದ್ದೀಯಲ್ಲ?’

‘ನೀರ್ ಬಿಟ್ರ ಪೆನ್ಸಿಲ್ ಗೆರಿ ಅಳಿಸಿ ಹೊಕ್ಕೈತ್ರಿ ಸರ. ಕರೆಂಟ್ ಮಷೀನ್ ಬ್ಯಾರೆ. ರೂಢಿ ಆಗೇತ್ರಿ,’ ಅಂದ. ಕುಷ್ಟಗಿ ಕಡೆಯ ಹುಡುಗ. ಟವೆಲ್ ಕೊಡವಿ ಮತ್ತೆ ಸುತ್ತಿಕೊಂಡು ಕೆಲಸಕ್ಕೆ ಬಾಗಿದ.

ಮನೆಗೆ ಬಂದರೂ ಆ ಬಿಳಿ ರೆಪ್ಪೆಗಳು ಕಣ್ಣ ಮುಂದಿಂದ ಹೋಗಲಿಲ್ಲ. ಗ್ರಾನೈಟ್ ದೂಳಿನಲ್ಲಿ ದೊಡ್ಡ ಪಾಲು ಸಿಲಿಕಾ. ಮರಳಿನಲ್ಲಿರುವುದೂ ಅದೇ, ಗಾಜಿನಲ್ಲಿರುವುದೂ ಅದೇ. ಎಂಎಸ್ಸಿ ಓದುವಾಗ ಪ್ರಾಜೆಕ್ಟಿಗೆಂದು ಐದು ತಿಂಗಳು ಆ ಸಿಲಿಕಾದ ಜೊತೆಗೇ ಕಳೆದವನು ನಾನು. ಆಗ ನನ್ನ ಕೆಲಸ ಕಲ್ಲನ್ನು ಒಡೆದು ದೂಳು ಮಾಡುವುದಾಗಿರಲಿಲ್ಲ. ನೀರಿನಂತೆ ತಿಳಿಯಾದ ದ್ರವದೊಳಗೆ ಸಿಲಿಕಾದ ಗುಂಡುಗಳನ್ನು ಹುಟ್ಟಿಸಬೇಕಿತ್ತು. ಪ್ರತಿ ಗುಂಡೂ 300 ನ್ಯಾನೊಮೀಟರ್ ಇರಬೇಕು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೊಮೀಟರ್. ನನ್ನ ಗುಂಡುಗಳನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರಿಗೆ ಮೂರು ಸಾವಿರಕ್ಕೂ ಹೆಚ್ಚು ಹಿಡಿಯುತ್ತವೆ.

ಅಷ್ಟು ಸಣ್ಣ ವಸ್ತುವನ್ನು ಅಷ್ಟು ಸಮವಾಗಿ ಮಾಡಬೇಕೆಂಬ ಹಟ ಯಾಕೆ ಎಂದು ಆಗ ನಾನೂ ಕೇಳಿದ್ದೆ. ಉತ್ತರದ ಒಂದು ಭಾಗ ನಮ್ಮ ಉಸಿರಿನಲ್ಲೇ ಇದೆ.

ಗರಗಸದಿಂದ ಏಳುವ ದೂಳಿಗೆ ಅಳತೆಯೆಂಬುದಿಲ್ಲ. ಒಂದು ಕಣ ರವೆಯಷ್ಟು, ಅದರ ಪಕ್ಕದ್ದು ಅದಕ್ಕಿಂತ ಸಾವಿರ ಪಟ್ಟು ಸಣ್ಣದು. ನಮ್ಮ ಮೂಗು, ಗಂಟಲು, ಶ್ವಾಸಕೋಶಗಳಿಗೆ ಮಾತ್ರ ಅಳತೆಯ ಲೆಕ್ಕ ಬಹಳ ಕಟ್ಟುನಿಟ್ಟು. ಸಾವಿರ ನ್ಯಾನೊಮೀಟರ್ ಸೇರಿದರೆ ಒಂದು ಮೈಕ್ರಾನ್. 10 ಮೈಕ್ರಾನಿಗಿಂತ ದಪ್ಪದ ಕಣ ಮೂಗಿನಲ್ಲೋ ಗಂಟಲಿನಲ್ಲೋ ಅಂಟಿಕೊಂಡು ಸಿಂಬಳ ಕಫದ ಜೊತೆ ಹೊರಗೆ ಬೀಳುತ್ತದೆ. ಸುಮಾರು 4 ಮೈಕ್ರಾನಿಗಿಂತ ಸಣ್ಣವು ಶ್ವಾಸಕೋಶದ ತುದಿಯ ಗಾಳಿಗೂಡುಗಳವರೆಗೂ ಇಳಿಯಬಲ್ಲವು. ಹಾಗೆಂದು ಸಣ್ಣದಾದಷ್ಟೂ ಹೆಚ್ಚು ಕೂರುತ್ತದೆ ಎಂದು ಲೆಕ್ಕ ಹಾಕುವಂತಿಲ್ಲ. ಅರ್ಧ ಮೈಕ್ರಾನಿನ ಆಸುಪಾಸಿನ ಕಣಗಳು ಉಸಿರಿನ ಜೊತೆ ಒಳಗೆ ಹೋಗಿ ಬಹುಪಾಲು ಉಸಿರಿನ ಜೊತೆಯೇ ವಾಪಸು ಬರುತ್ತವೆ. ಇನ್ನೂ ಸಣ್ಣವು, ಇಪ್ಪತ್ತು ಮೂವತ್ತು ನ್ಯಾನೊಮೀಟರಿನವು, ಗಾಳಿಯ ಅಣುಗಳ ನೂಕಾಟಕ್ಕೆ ಸಿಕ್ಕಿ ಆ ಕಡೆ ಈ ಕಡೆ ತೂರಾಡುತ್ತ ಗೋಡೆಗೆ ತಾಗಿ ಅಲ್ಲೇ ಉಳಿದುಬಿಡುತ್ತವೆ. ಎಲ್ಲ ಅಳತೆಯ ಕಣಗಳೂ ಬೆರೆತ ದೂಳನ್ನು ಇಟ್ಟುಕೊಂಡು ಇದನ್ನು ಬಿಡಿಸಿ ನೋಡುವುದು ಕಷ್ಟ. ಯಾವ ಗಾತ್ರದ್ದು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಬೇಕಾದರೆ ಮೊದಲು ಒಂದೇ ಗಾತ್ರದ ದೂಳು ಕೈಯಲ್ಲಿರಬೇಕು.

ವರ್ನರ್ ಸ್ಟೋಬರ್ ಅಂಥ ದೂಳನ್ನು ಅಭ್ಯಾಸ ಮಾಡುತ್ತಿದ್ದ ವಿಜ್ಞಾನಿ. ಗಾಳಿಯಲ್ಲಿ ತೇಲುವ ಕಣಗಳೇ ಅವರ ಕ್ಷೇತ್ರ. ಅವರು, ಆರ್ಥರ್ ಫಿಂಕ್ ಮತ್ತು ಅರ್ನ್ಸ್ಟ್ ಬೋನ್ ಸೇರಿ 1968ರಲ್ಲಿ ಎಂಟು ಪುಟದ ಒಂದು ಲೇಖನ ಪ್ರಕಟಿಸಿದರು. ಕೆಲಸ ನಡೆದದ್ದು ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ, ಅದೂ ರಸಾಯನಶಾಸ್ತ್ರ ವಿಭಾಗದಲ್ಲಲ್ಲ, ವೈದ್ಯಕೀಯ ಶಾಲೆಯಲ್ಲಿ. 1956ರಷ್ಟು ಹಿಂದೆಯೇ ಜರ್ಮನಿಯ ಯೇನಾದಲ್ಲಿ ಕೋಲ್ಬೆ ಎಂಬ ಸಂಶೋಧಕ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಇಂಥ ಗುಂಡುಗಳು ಮೂಡುವುದನ್ನು ಬರೆದಿಟ್ಟಿದ್ದರು. ಸ್ಟೋಬರ್ ತಂಡ ಅದನ್ನು ಹತೋಟಿಗೆ ತಂದಿತು. ಯಾವುದನ್ನು ಎಷ್ಟು ಹಾಕಿದರೆ ಎಷ್ಟು ದಪ್ಪದ ಗುಂಡು ಸಿಗುತ್ತದೆ ಎಂದು ಪಟ್ಟಿ ಮಾಡಿ ಕೊಟ್ಟಿತು. 0.05 ಮೈಕ್ರಾನಿನಿಂದ 2 ಮೈಕ್ರಾನಿನವರೆಗೆ ಬೇಕಾದ ಅಳತೆ. ಅರ್ಧ ಶತಮಾನ ದಾಟಿದರೂ ಜಗತ್ತಿನ ಲ್ಯಾಬುಗಳು ಇವತ್ತಿಗೂ ಅದೇ ಪಾಕವಿಧಾನವನ್ನು ಅನುಸರಿಸುತ್ತವೆ, ‘ಸ್ಟೋಬರ್ ವಿಧಾನ’ ಎಂದೇ ಕರೆಯುತ್ತವೆ.

ಬೇಕಾದ ಸಾಮಾನು ನಾಲ್ಕೇ. ಆಲ್ಕೋಹಾಲ್, ನೀರು, ಅಮೋನಿಯ, ಮತ್ತೆ ಟೆಟ್ರಾ ಈಥೈಲ್ ಆರ್ಥೋಸಿಲಿಕೇಟ್. ಕೊನೆಯದರ ಹೆಸರು ಉದ್ದ, ಲ್ಯಾಬಿನಲ್ಲಿ ಎಲ್ಲರ ಬಾಯಲ್ಲೂ ‘ಟಿಯೋಸ್’. ಒಂದು ಸಿಲಿಕಾನ್ ಪರಮಾಣುವಿನ ಸುತ್ತ ನಾಲ್ಕು ಆಲ್ಕೋಹಾಲ್ ತುಣುಕು ಅಂಟಿಕೊಂಡ ಅಣು ಅದು. ನೀರು ಆ ನಾಲ್ಕನ್ನೂ ಒಂದೊಂದಾಗಿ ಕಳಚುತ್ತದೆ. ಆಗ ಸಿಲಿಸಿಕ್ ಆಮ್ಲ ಉಳಿಯುತ್ತದೆ. ಇಂಥ ಎರಡು ಅಣು ಹತ್ತಿರ ಬಂದರೆ ನಡುವೆ ಒಂದು ಆಮ್ಲಜನಕವನ್ನು ಹಿಡಿದು ಕೈಜೋಡಿಸುತ್ತವೆ, ಮಿಕ್ಕ ನೀರನ್ನು ಹೊರಗೆ ಬಿಡುತ್ತವೆ. ಎರಡು ನಾಲ್ಕಾಗಿ, ನಾಲ್ಕು ಸಾವಿರವಾಗಿ ಕಟ್ಟುತ್ತ ಹೋದದ್ದೇ ಸಿಲಿಕಾ. ಕಾಗದದ ಮೇಲೆ ಇಷ್ಟೇ.

ಫ್ಲಾಸ್ಕಿನಲ್ಲಿ ಅದನ್ನು ನೋಡುವುದು ಬೇರೆಯೇ. ಐವತ್ತು ಮಿಲಿ ಆಲ್ಕೋಹಾಲಿಗೆ ನೀರು, ಲಿಕರ್ ಅಮೋನಿಯ ಹಾಕಿ ಮ್ಯಾಗ್ನೆಟಿಕ್ ಸ್ಟಿರರ್ ಮೇಲೆ ಇಡುತ್ತಿದ್ದೆ. ತಳದಲ್ಲಿ ಬಿಳಿ ಬೀಡು ಗಿರಗಿರ ತಿರುಗುತ್ತ ದ್ರವದ ನಡುವೆ ಸಣ್ಣ ಸುಳಿ ಎಬ್ಬಿಸುತ್ತಿತ್ತು. ಪಿಪೆಟ್ಟಿನಿಂದ ಒಂದು ಮಿಲಿ ಟಿಯೋಸನ್ನು ಒಂದೇ ಸಲಕ್ಕೆ ಸುರಿದು ಗಡಿಯಾರ ನೋಡಬೇಕು. ಮೊದಲ ನಿಮಿಷ ಏನೂ ಇಲ್ಲ. ಎರಡು, ಮೂರು ನಿಮಿಷ ಕಳೆದರೂ ತಿಳಿನೀರು. ಏನೋ ತಪ್ಪಿತು ಅಂದುಕೊಳ್ಳುವಷ್ಟರಲ್ಲಿ, ಫ್ಲಾಸ್ಕಿನ ಹಿಂದೆ ಕಪ್ಪು ಕಾಗದ ಹಿಡಿದರೆ, ದ್ರವದೊಳಗೆ ಒಂದು ನೀಲಿ ಛಾಯೆ. ಬೆಳಗಿನ ಜಾವ ದೂರದ ಬೆಟ್ಟದ ಮೇಲೆ ಕಾಣುವಂಥ ನೀಲಿ. ಗುಂಡುಗಳು ಹುಟ್ಟಿವೆ, ಇನ್ನೂ ಬಹಳ ಸಣ್ಣವು, ಬೆಳಕಿನ ನೀಲಿ ಭಾಗವನ್ನೇ ಹೆಚ್ಚು ಚೆದುರಿಸುತ್ತಿವೆ ಎಂದು ಅದರ ಅರ್ಥ. ಅಲ್ಲಿಂದ ಮುಂದೆ ತಡವಿಲ್ಲ. ನೀಲಿ ಬೆಳ್ಳಗಾಗುತ್ತದೆ, ಬೆಳ್ಳಗಿನದು ದಟ್ಟವಾಗುತ್ತದೆ, ನೋಡನೋಡುತ್ತಿದ್ದಂತೆ ಫ್ಲಾಸ್ಕಿನಲ್ಲಿ ಹಾಲು. ಐದು ತಿಂಗಳಲ್ಲಿ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ, ಒಂದು ಸಲವೂ ಬೇಸರವಾಗಲಿಲ್ಲ.

ಹಾಲಾಯಿತೆಂದರೆ ಕೆಲಸ ಮುಗಿಯಿತು ಎಂದಲ್ಲ. ನನ್ನ ಮೊದಲ ತಯಾರಿಕೆಯ ಚಿತ್ರ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮೂಡಿದಾಗ ನಾಚಿಕೆಯಾಯಿತು. ದೊಡ್ಡ ಗುಂಡು, ಚಿಕ್ಕ ಗುಂಡು, ಎರಡು ಅಂಟಿಕೊಂಡು ಕಡಲೆಕಾಯಿಯಂತಾದವು, ನಡುವೆ ನುಚ್ಚಿನಂಥ ಪುಡಿ. ಗೈಡ್ ಮೇಡಂ ಚಿತ್ರವನ್ನು ನೋಡಿ ಏನೂ ಹೇಳದೆ ನೇರ ಫ್ಯೂಮ್ ಹುಡ್ ಹತ್ತಿರ ಹೋದರು. ಅಮೋನಿಯ ಬಾಟಲಿಯ ಮುಚ್ಚಳ ತೆಗೆದು ಕೈಯಿಂದ ಗಾಳಿಯನ್ನು ಮೂಗಿನ ಕಡೆ ಬೀಸಿಕೊಂಡು, ‘ಇದರಲ್ಲಿ ಅಮೋನಿಯ ಎಲ್ಲಿದೆಯಪ್ಪಾ? ಎಲ್ಲ ಹಾರಿಹೋಗಿದೆ. ಯಾವಾಗ ಒಡೆದ ಬಾಟಲಿ ಇದು?’ ಅಂದರು. ಏಪ್ರಿಲ್ ತಿಂಗಳ ಸೆಕೆಯಲ್ಲಿ ಸರಿಯಾಗಿ ಮುಚ್ಚದ ಬಾಟಲಿಯಿಂದ ಅನಿಲ ಹೊರಟುಹೋಗಿತ್ತು. ನಾನು ಅಳೆದು ಹಾಕಿದ್ದು ಬಹುಪಾಲು ನೀರನ್ನು. ಹೊಸ ಬಾಟಲಿ ತಂದ ಮೇಲೂ ಇನ್ನೊಂದು ತೊಡಕು ಉಳಿದಿತ್ತು. ಹಿಂದಿನ ಸಲದ ಸಿಲಿಕಾ ಕಣ್ಣಿಗೆ ಕಾಣದ ಪೊರೆಯಾಗಿ ಫ್ಲಾಸ್ಕಿನ ಗೋಡೆಗೆ ಹಿಡಿದಿತ್ತು. ಹೊಸ ಗುಂಡುಗಳು ಹುಟ್ಟುವ ಮೊದಲೇ ಆ ಹಳೆಯ ಕಣಗಳ ಮೇಲೆ ಸಿಲಿಕಾ ಕಟ್ಟತೊಡಗಿತ್ತು. ಬಿಸಿ ಕಾಸ್ಟಿಕ್ ಸೋಡ ದ್ರಾವಣದಲ್ಲಿ ತೊಳೆದರೆ ಅದು ಕರಗಿ ಹೋಗುತ್ತದೆ ಎಂದು ಹೇಳಿಕೊಟ್ಟದ್ದು ಲ್ಯಾಬಿನ ಸೀನಿಯರ್ ಅಕ್ಕ. ಆ ಎರಡು ಪಾಠ ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ.

ಗುಂಡುಗಳು ಸಮನಾಗುವುದು ಹೇಗೆ ಎಂಬುದನ್ನು ನಾನು ಅರ್ಥ ಮಾಡಿಕೊಂಡದ್ದು ನಮ್ಮಜ್ಜಿಯ ತುಪ್ಪದ ಡಬ್ಬಿಯನ್ನು ನೆನೆದು. ಬೆಣ್ಣೆ ಕಾಯಿಸಿ ಸೋಸಿದ ತುಪ್ಪವನ್ನು ಅಜ್ಜಿ ಒಲೆಯ ಪಕ್ಕದ ಬೆಚ್ಚನೆ ಮೂಲೆಯಲ್ಲಿಟ್ಟು ಆರಲು ಬಿಡುತ್ತಿದ್ದರು. ಬೆಳಿಗ್ಗೆ ನೋಡಿದರೆ ದಪ್ಪ ಹರಳು, ಚಮಚದಲ್ಲಿ ತೆಗೆದರೆ ರವೆಯಂತೆ ಉದುರಬೇಕು. ಅದೇ ತುಪ್ಪವನ್ನು ತಣ್ಣೀರಿನಲ್ಲಿಟ್ಟು ಬೇಗ ಆರಿಸಿದರೆ ಹರಳಿಲ್ಲ, ನುಣ್ಣನೆ ಮುದ್ದೆ. ಬೇಗ ಆರಿದಾಗ ಒಮ್ಮೆಗೇ ಅಸಂಖ್ಯ ಹರಳುಗಳು ಹುಟ್ಟುತ್ತವೆ, ಒಂದಕ್ಕೂ ಬೆಳೆಯಲು ಸಾಕಷ್ಟು ತುಪ್ಪ ಉಳಿಯುವುದಿಲ್ಲ. ನಿಧಾನ ಆರಿದಾಗ ಹುಟ್ಟುವುದು ಕೆಲವೇ, ಅವು ದಪ್ಪಗೆ ಬೆಳೆಯುತ್ತವೆ. ಎಷ್ಟು ಹುಟ್ಟುತ್ತವೆ, ಯಾವಾಗ ಹುಟ್ಟುತ್ತವೆ ಎಂಬುದರಲ್ಲೇ ಗಾತ್ರ ತೀರ್ಮಾನವಾಗಿಬಿಡುತ್ತದೆ.

ಇದನ್ನು ಶಾಸ್ತ್ರವಾಗಿ ಹೇಳಿದವರು ಕೊಲಂಬಿಯ ವಿಶ್ವವಿದ್ಯಾಲಯದ ವಿಕ್ಟರ್ ಲಾಮೇರ್. 1950ರಲ್ಲಿ ಅವರು ಮತ್ತು ಡೈನೆಗರ್ ಗಂಧಕದ ಕಣಗಳ ಬಗ್ಗೆ ಬರೆದದ್ದು ಸಿಲಿಕಾಕ್ಕೂ ದಾರಿ ತೋರಿಸಿತು. ದ್ರಾವಣದಲ್ಲಿ ಕರಗಿದ ವಸ್ತು ಏರುತ್ತ ಏರುತ್ತ ಒಂದು ಗಡಿ ದಾಟುತ್ತದೆ. ಆ ಗಳಿಗೆಯಲ್ಲಿ ಕಣಗಳೆಲ್ಲ ಒಟ್ಟಿಗೆ ಹುಟ್ಟುತ್ತವೆ. ಹುಟ್ಟಿದ್ದೇ ತಡ, ಕರಗಿದ್ದನ್ನು ಹೀರಿಕೊಂಡು ಅದರ ಮಟ್ಟವನ್ನು ಗಡಿಯಿಂದ ಕೆಳಗೆ ಇಳಿಸುತ್ತವೆ. ಅಲ್ಲಿಂದಾಚೆಗೆ ಹೊಸ ಹುಟ್ಟಿಲ್ಲ. ಉಳಿದದ್ದೆಲ್ಲ ಹುಟ್ಟಿದವುಗಳ ಮೇಲೆಯೇ ಪದರವಾಗಿ ಕೂರುತ್ತದೆ. ಹುಟ್ಟು ಮುಂದುವರಿದರೆ ಅಣ್ಣ, ತಮ್ಮ, ಕೂಸು ಎಂದು ನಾನಾ ಗಾತ್ರ. ಒಂದೇ ಗಳಿಗೆಯಲ್ಲಿ ಮುಗಿದರೆ ಎಲ್ಲವೂ ಓರಗೆಯವು.

ಸಿಲಿಕಾದ ವಿಷಯದಲ್ಲಿ ಈ ಕಥೆ ಪೂರ್ತಿ ಇಷ್ಟಕ್ಕೇ ನಿಲ್ಲುವುದಿಲ್ಲ. ಹುಟ್ಟಿದ ಪುಟ್ಟ ಉಂಡೆಗಳು ಮೊದಮೊದಲು ಒಂದಕ್ಕೊಂದು ಅಂಟಿ ಸೇರಿಕೊಳ್ಳುತ್ತವೆ, ದೊಡ್ಡವು ಸಣ್ಣವನ್ನು ನುಂಗಿ ಬೆಳೆಯುತ್ತವೆ ಎಂದು ಝುಕೋಸ್ಕಿ ಮತ್ತು ಸಂಗಡಿಗರು 1990ರ ಸುಮಾರಿಗೆ ತೋರಿಸಿದರು. ಅಣು ಅಣುವಾಗಿ ಸೇರುತ್ತದೆ ಎನ್ನುವವರು ಒಂದು ಕಡೆ, ಉಂಡೆ ಉಂಡೆಯಾಗಿ ಸೇರುತ್ತದೆ ಎನ್ನುವವರು ಇನ್ನೊಂದು ಕಡೆ. ಮೊದಲ ಹಂತದಲ್ಲಿ ಎರಡನೆಯವರ ಮಾತು, ಬೆಳೆಯುವ ಹಂತದಲ್ಲಿ ಮೊದಲಿನವರ ಮಾತು ಸರಿಯೆಂದು ನನಗೆ ಕಾಣುತ್ತದೆ. ಇಲ್ಲೊಂದು ಸೊಗಸಾದ ಲೆಕ್ಕವಿದೆ. 20 ನ್ಯಾನೊಮೀಟರಿನದೊಂದು, 30ರದೊಂದು ಗುಂಡು ಇದೆ ಎನ್ನಿ. ಒಂದಕ್ಕೊಂದು ಅರ್ಧದಷ್ಟು ವ್ಯತ್ಯಾಸ. ಎರಡರ ಮೇಲೂ ಒಂದೇ ದಪ್ಪದ ಪದರ ಕೂತು ಅಡ್ಡಳತೆ 270 ಹೆಚ್ಚಿತು ಎಂದಿಟ್ಟುಕೊಳ್ಳಿ, 290 ಮತ್ತು 300 ಆಗುತ್ತವೆ. ವ್ಯತ್ಯಾಸ ಅದೇ ಹತ್ತು, ಆದರೆ ಈಗ ನೂರಕ್ಕೆ ಮೂರೂವರೆ ಪಾಲು ಮಾತ್ರ. ಬೆಳೆಯುತ್ತ ಬೆಳೆಯುತ್ತ ಹುಟ್ಟಿನ ಭೇದ ಸವೆದುಹೋಗುತ್ತದೆ. ಹೀಗಾಗಿಯೇ ಬಹಳ ಸಣ್ಣ ಗುಂಡುಗಳನ್ನು ಸಮನಾಗಿ ಮಾಡುವುದು ದೊಡ್ಡವನ್ನು ಮಾಡುವುದಕ್ಕಿಂತ ಕಷ್ಟ.

ಅಮೋನಿಯ ಇಲ್ಲಿ ಎರಡು ಕೆಲಸ ಮಾಡುತ್ತದೆ. ಅಣುಗಳ ಕೈಜೋಡಣೆಯನ್ನು ಚುರುಕುಗೊಳಿಸುತ್ತದೆ, ಜೊತೆಗೆ ಗುಂಡುಗಳ ಮೈಮೇಲೆ ಋಣ ವಿದ್ಯುದಂಶ ಇರುವಂತೆ ನೋಡಿಕೊಳ್ಳುತ್ತದೆ. ಎಲ್ಲವೂ ಋಣವಾದ್ದರಿಂದ ಒಂದನ್ನೊಂದು ದೂರ ತಳ್ಳುತ್ತವೆ, ತುಸು ಬೆಳೆದ ಮೇಲೆ ಅಂಟಿಕೊಳ್ಳುವುದಿಲ್ಲ. ಅಮೋನಿಯದ ಬದಲು ಆಮ್ಲ ಹಾಕಿದರೆ ಗುಂಡೇ ಇಲ್ಲ, ಎಳೆ ಎಳೆಯಾಗಿ ಹೆಣೆದುಕೊಂಡು ಫ್ಲಾಸ್ಕಿನ ತುಂಬ ಅಂಬಲಿಯಂಥ ಜೆಲ್ ಕಟ್ಟುತ್ತದೆ.

ಎಣಿಸುವ ಚಪಲ ಇದ್ದವರಿಗೆ ಇನ್ನೊಂದು ಲೆಕ್ಕ. ಒಂದು ಮಿಲಿ ಟಿಯೋಸಿನಿಂದ ಸಿಗುವ ಸಿಲಿಕಾ ಕಾಲು ಗ್ರಾಮಿಗೆ ತುಸು ಹೆಚ್ಚು. ಅದೆಲ್ಲ 300 ನ್ಯಾನೊಮೀಟರಿನ ಗುಂಡುಗಳಾದರೆ ಸುಮಾರು ಒಂಬತ್ತು ಲಕ್ಷ ಕೋಟಿ ಗುಂಡು. ಭೂಮಿಯ ಮೇಲಿರುವ ಮನುಷ್ಯರಿಗಿಂತ ಸಾವಿರ ಪಟ್ಟು ಹೆಚ್ಚು, ಎಲ್ಲವೂ ಅರ್ಧ ಗಂಟೆಯೊಳಗೆ ಆ ಫ್ಲಾಸ್ಕಿನಲ್ಲಿ ಹುಟ್ಟಿದವು. ಕೈ ಪಳಗಿದ ಮೇಲೆ ಮಾಡಿದ ತಯಾರಿಕೆಯಲ್ಲಿ ಗಾತ್ರದ ಏರುಪೇರು ನೂರಕ್ಕೆ ಐದರ ಒಳಗಿತ್ತು.

ಆ ತಯಾರಿಕೆಯ ಒಂದು ಹನಿಯನ್ನು ಗಾಜಿನ ಸ್ಲೈಡ್ ಮೇಲೆ ಬಿಟ್ಟು ರಾತ್ರಿಯಿಡೀ ಒಣಗಲು ಇಟ್ಟಿದ್ದೆ. ಬೆಳಿಗ್ಗೆ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಹಸಿರು ಮಿಂಚು, ಸ್ವಲ್ಪ ತಿರುಗಿಸಿದರೆ ಕೆಂಪು. ಬಣ್ಣವನ್ನೇ ಹಾಕದ ಬಿಳಿ ಪುಡಿಯಲ್ಲಿ ನವಿಲುಗರಿಯ ಬಣ್ಣ! ಸಮನಾದ ಗುಂಡುಗಳು ಅಂಗಡಿಯಲ್ಲಿ ಕಿತ್ತಳೆ ಜೋಡಿಸಿಟ್ಟ ಹಾಗೆ ಸಾಲು ಸಾಲಾಗಿ ಕೂತುಬಿಟ್ಟಿದ್ದವು, ಆ ಸಾಲುಗಳು ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಹಿಂದಕ್ಕೆ ಕಳಿಸುತ್ತಿದ್ದವು. ಓಪಲ್ ರತ್ನದ ಬಣ್ಣದ ಗುಟ್ಟೂ ಇದೇ.

ಈ ಗುಟ್ಟಿನ ಹಿಂದೆ ಬಿದ್ದವರಲ್ಲಿ ಸಿ.ವಿ. ರಾಮನ್ ಕೂಡ ಒಬ್ಬರು. ರತ್ನಗಳೆಂದರೆ ಅವರಿಗೆ ಪ್ರಾಣ. ಬೆಂಗಳೂರಿನ ತಮ್ಮ ಸಂಸ್ಥೆಯಲ್ಲಿ ಹರಳು, ಖನಿಜಗಳ ದೊಡ್ಡ ಸಂಗ್ರಹವನ್ನೇ ಮಾಡಿಟ್ಟಿದ್ದರು. 1953ರಲ್ಲಿ ಅವರು ಮತ್ತು ಎ. ಜಯರಾಮನ್ ಓಪಲ್ಲಿನ ರಚನೆ, ಅದರ ಬಣ್ಣದ ಮೂಲ ಕುರಿತು ಲೇಖನ ಪ್ರಕಟಿಸಿದರು. ಎಕ್ಸ್‌ರೇ ಪರೀಕ್ಷೆ ಮಾಡಿ, ಒಳಗೆ ಸಿಲಿಕಾದ ಕ್ರಮಬದ್ಧ ಪದರಗಳಿವೆ, ಆ ಪದರಗಳೇ ಬಣ್ಣ ತೋರಿಸುತ್ತವೆ ಎಂದರು. ಒಳಗೊಂದು ಕ್ರಮವಿದೆ ಎಂಬ ಅವರ ಊಹೆ ನಿಜವಾಗಿತ್ತು. ಆ ಕ್ರಮ ಎಂಥದು ಎಂದು ಕಣ್ಣಾರೆ ಕಂಡದ್ದು 1964ರಲ್ಲಿ. ಆಸ್ಟ್ರೇಲಿಯದ ಸ್ಯಾಂಡರ್ಸ್ ಮತ್ತು ಸಂಗಡಿಗರು ಓಪಲ್ಲನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಪದರಗಳ ಬದಲು ಒಂದೇ ಅಳತೆಯ ಸಿಲಿಕಾ ಗುಂಡುಗಳ ಸಾಲು ಕಂಡಿತು. ಸಣ್ಣ ಗುಂಡಿನ ಓಪಲ್ ನೀಲಿ ತೋರಿಸುತ್ತದೆ, ದಪ್ಪ ಗುಂಡಿನದು ಕೆಂಪನ್ನೂ ತೋರಿಸುತ್ತದೆ. ಗುಂಡುಗಳು ಸಮನಿಲ್ಲದ ಓಪಲ್ ಬರೀ ಹಾಲುಬಿಳುಪಿನ ಕಲ್ಲು, ಬಣ್ಣದಾಟ ಇಲ್ಲದ್ದರಿಂದ ಅದಕ್ಕೆ ಹೆಚ್ಚಿನ ಬೆಲೆಯೂ ಇಲ್ಲ. ರಾಮನ್ ಕೈಯಲ್ಲಿ ಅಂಥ ಸೂಕ್ಷ್ಮದರ್ಶಕವೊಂದು ಇದ್ದಿದ್ದರೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಈ ಗುಂಡುಗಳ ಉಪಯೋಗದ ಪಟ್ಟಿ ಉದ್ದವಿದೆ, ಎಲ್ಲ ಹೇಳುವುದಿಲ್ಲ. ಬೆಂಗಳೂರಿನ ಔಷಧ ಕಂಪನಿಗಳ ಯಾವ ಪರೀಕ್ಷಾ ಲ್ಯಾಬಿಗೆ ಹೋದರೂ ಎಚ್‌ಪಿಎಲ್‌ಸಿ ಯಂತ್ರಗಳ ಸಾಲು ಕಾಣುತ್ತದೆ. ಅದರೊಳಗಿನ ಗೇಣುದ್ದದ ಉಕ್ಕಿನ ಕೊಳವೆಯಲ್ಲಿ ತುಂಬಿರುವುದು ಬಹುತೇಕ ಸಿಲಿಕಾ ಗುಂಡುಗಳನ್ನೇ, 3 ರಿಂದ 5 ಮೈಕ್ರಾನಿನವು. ನೀವು ನುಂಗುವ ಮಾತ್ರೆಯಲ್ಲಿ ಕಲಬೆರಕೆ ಇದೆಯೇ ಎಂದು ಬೇರ್ಪಡಿಸಿ ತೋರಿಸುವುದು ಆ ಗುಂಡುಗಳ ನಡುವಿನ ಸಂದಿಗಳಲ್ಲಿ ಹರಿಯುವ ದ್ರವ. ಗುಂಡು ಸಮನಿಲ್ಲದಿದ್ದರೆ ಸಂದಿಯೂ ಸಮನಿರುವುದಿಲ್ಲ. ದ್ರವ ಒಂದು ಕಡೆ ಬೇಗ, ಒಂದು ಕಡೆ ತಡವಾಗಿ ಹರಿದು ಎರಡು ವಸ್ತುಗಳ ಗುರುತು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ. ಕೋವಿಡ್ ಕಾಲದಲ್ಲಿ ನಮ್ಮ ಮೂಗಿನ ಸ್ವಾಬಿನಿಂದ ವೈರಸ್ಸಿನ ಆರ್‌ಎನ್‌ಎ ಹಿಡಿದು ತೆಗೆದದ್ದರಲ್ಲೂ ಸಿಲಿಕಾದ ಪಾಲಿದೆ. ಕೆಲವು ಲವಣಗಳು ಜೊತೆಗಿದ್ದಾಗ ಆರ್‌ಎನ್‌ಎ, ಡಿಎನ್‌ಎಗಳು ಸಿಲಿಕಾದ ಮೈಗೆ ಅಂಟಿಕೊಳ್ಳುತ್ತವೆ. ಅನೇಕ ಕಿಟ್‌ಗಳಲ್ಲಿ ಆಯಸ್ಕಾಂತಕ್ಕೆ ಸೆಳೆಯುವ ಮಣಿಗಳಿಗೆ ಸಿಲಿಕಾ ಪೊರೆ ಹೊದಿಸಿರುತ್ತಾರೆ.

ನನ್ನ ಮನಸ್ಸು ಹೆಚ್ಚು ಎಳೆಯುವುದು ಭತ್ತದ ಕಡೆಗೆ. ಗದ್ದೆಯಲ್ಲಿ ಕಳೆ ಕಿತ್ತವರಿಗೆ ಗೊತ್ತು, ಭತ್ತದ ಗರಿ ಕೈ ಕೊಯ್ಯುತ್ತದೆ. ಆ ಹರಿತಕ್ಕೆ ಕಾರಣ ಸಿಲಿಕಾ. ನನ್ನ ಫ್ಲಾಸ್ಕಿನಲ್ಲಿ ಟಿಯೋಸ್ ಒಡೆದು ಬಂದ ಅದೇ ಸಿಲಿಸಿಕ್ ಆಮ್ಲವನ್ನು ಭತ್ತದ ಬೇರು ಮಣ್ಣಿನ ನೀರಿನಿಂದ ಹೀರಿಕೊಂಡು ಗರಿಗೂ ಹೊಟ್ಟಿಗೂ ಏರಿಸುತ್ತದೆ. ಅಮೋನಿಯ ಬೇಡ, ಆಲ್ಕೋಹಾಲ್ ಬೇಡ. ನೂರು ಕಿಲೋ ಭತ್ತಕ್ಕೆ ಇಪ್ಪತ್ತು ಕಿಲೋದಷ್ಟು ಹೊಟ್ಟು, ಅದನ್ನು ಸುಟ್ಟರೆ ನಾಲ್ಕು ಕಿಲೋದಷ್ಟು ಬೂದಿ, ಆ ಬೂದಿಯಲ್ಲಿ ಬಹುಪಾಲು ಸಿಲಿಕಾ. ಗಂಗಾವತಿ, ಸಿಂಧನೂರು ಕಡೆಯ ಅಕ್ಕಿ ಗಿರಣಿಗಳಿಗೆ ಬೂದಿಯ ರಾಶಿ ಹೊಸದಲ್ಲ. ಬೂದಿಯನ್ನು ಕಾಸ್ಟಿಕ್ ಸೋಡದಲ್ಲಿ ಕರಗಿಸಿ, ಆಮ್ಲ ಹಾಕಿ ನ್ಯಾನೊ ಸಿಲಿಕಾ ತೆಗೆಯುವ ದಾರಿ ಗೊತ್ತಿರುವುದೇ. ಉಪ್ಪಿನಂಶ ಸೇರುವುದರಿಂದ ಗುಂಡುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಟಿಯೋಸಿನಷ್ಟು ಸಮನಾಗಿ ಮಾಡುವುದು ಕಷ್ಟ. ಆ ಕಷ್ಟವನ್ನು ಬಿಡಿಸುವ ಕೆಲಸಕ್ಕೆ ನಮ್ಮ ಕಡೆಯ ಹುಡುಗ ಹುಡುಗಿಯರು ಕೈ ಹಾಕಬೇಕು ಎಂದು ನನ್ನ ಆಸೆ. ಆದರೆ ಹೊಟ್ಟನ್ನು ಸುಡುವಾಗ ಶಾಖ ಮಿತಿ ಮೀರಬಾರದು. 700, 800 ಡಿಗ್ರಿ ದಾಟಿ ಸುಟ್ಟರೆ ಆ ಸಿಲಿಕಾ ಸ್ಫಟಿಕವಾಗಿ ಮಾರ್ಪಡತೊಡಗುತ್ತದೆ.

ಸ್ಫಟಿಕವಾದರೆ ಏನಾಯಿತು? ಎಲ್ಲ ಆಯಿತು. ಸಿಲಿಕಾಕ್ಕೆ ಎರಡು ಮುಖ. ಫ್ಲಾಸ್ಕಿನಲ್ಲಿ ಹುಟ್ಟಿದ ಗುಂಡಿನಲ್ಲಿ ಪರಮಾಣುಗಳು ಗಾಜಿನಲ್ಲಿದ್ದಂತೆ ಕ್ರಮವಿಲ್ಲದೆ ಹೆಣೆದಿವೆ. ಗ್ರಾನೈಟಿನೊಳಗಿನ ಕ್ವಾರ್ಟ್ಸ್‌ನಲ್ಲಿ ಅವು ಕಟ್ಟುನಿಟ್ಟಾಗಿ ಸಾಲುಗಟ್ಟಿವೆ. ಕ್ವಾರ್ಟ್ಸ್‌ನ ಸೂಕ್ಷ್ಮ ಚೂರು ಗಾಳಿಗೂಡಿಗೆ ಇಳಿದರೆ, ಅಲ್ಲಿ ಕಸ ಗುಡಿಸುವ ರಕ್ಷಕ ಕೋಶಗಳು ಅದನ್ನು ನುಂಗುತ್ತವೆ. ಕರಗಿಸಲಾಗದೆ ಸಾಯುತ್ತವೆ. ಸತ್ತ ಕೋಶದಿಂದ ಚೂರು ಮತ್ತೆ ಹೊರಬೀಳುತ್ತದೆ, ಇನ್ನೊಂದು ಕೋಶ ನುಂಗುತ್ತದೆ, ಅದೂ ಸಾಯುತ್ತದೆ. ಸುತ್ತಲಿನ ಜಾಗ ಗಾಯವಾಗಿ, ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಎಳೆದುಕೊಂಡರೂ ಉಸಿರು ಸಾಲದು. ಈ ಕಾಯಿಲೆ ಸಿಲಿಕೋಸಿಸ್. ಒಮ್ಮೆ ಬಂದರೆ ವಾಸಿ ಮಾಡುವ ಔಷಧ ಇಲ್ಲ. 1997ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಉಸಿರಿಗೆ ಸೇರುವ ಸ್ಫಟಿಕ ಸಿಲಿಕಾವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಸ್ಫಟಿಕವಲ್ಲದ ಸಿಲಿಕಾ ಆ ಗುಂಪಿನಲ್ಲಿಲ್ಲ. ಹಾಗಿದ್ದರೂ ಅದರ ಒಣ ಪುಡಿಯನ್ನು ಮಾಸ್ಕ್ ಇಲ್ಲದೆ ಮುಟ್ಟಲು ಮೇಡಂ ನಮಗೆ ಬಿಡುತ್ತಿರಲಿಲ್ಲ.

ನಮ್ಮ ನಾಡಿಗೆ ಈ ಕಾಯಿಲೆ ಹೊಸತಲ್ಲ. ಭಾರತದಲ್ಲಿ ಸಿಲಿಕೋಸಿಸ್ ಕುರಿತ ಮೊದಮೊದಲ ವೈದ್ಯಕೀಯ ವರದಿಗಳು ಬಂದದ್ದು 1940ರ ದಶಕದಲ್ಲಿ, ಕೋಲಾರದ ಚಿನ್ನದ ಗಣಿಯಿಂದ. ಅಲ್ಲಿ ಚಿನ್ನ ಕೂತಿದ್ದದ್ದು ಕ್ವಾರ್ಟ್ಸ್ ಬಂಡೆಯ ಸೀಳುಗಳಲ್ಲಿ. ಚಿನ್ನಕ್ಕೆಂದು ಬಂಡೆ ಕೊರೆದವರು ಮೂರು ಕಿಲೋಮೀಟರ್ ಆಳದಲ್ಲಿ ಆ ಬಂಡೆಯ ದೂಳನ್ನೇ ಉಸಿರಾಡಿದರು. ಗಣಿ 2001ರಲ್ಲಿ ಮುಚ್ಚಿತು. ಕಲ್ಲು ಕುಯ್ಯುವ ಕೆಲಸ ಮುಚ್ಚಲಿಲ್ಲ, ಊರೂರಿಗೆ, ಬೀದಿಬೀದಿಗೆ, ಮನೆಮನೆಯ ಗೇಟಿಗೆ ಬಂತು. ಈಚೆಗೆ ‘ಕ್ವಾರ್ಟ್ಸ್’ ಎಂದೇ ಮಾರುವ ಅಡುಗೆಕಟ್ಟೆಯ ಕೃತಕ ಕಲ್ಲಿನಲ್ಲಿ ಸ್ಫಟಿಕ ಸಿಲಿಕಾ ನೂರಕ್ಕೆ ತೊಂಬತ್ತನ್ನೂ ಮೀರಬಹುದು. ಓಪಲ್ಲಿನ ಗುಟ್ಟು ಒಡೆದ ಅದೇ ಆಸ್ಟ್ರೇಲಿಯ, ಎಳೆಯ ವಯಸ್ಸಿನ ಕೆಲಸಗಾರರ ಶ್ವಾಸಕೋಶ ಕೆಡುವುದನ್ನು ಕಂಡು, 2024ರ ಜುಲೈ 1ರಿಂದ ಇಂಥ ಕೃತಕ ಕಲ್ಲನ್ನು ನಿಷೇಧಿಸಿತು.

ಯಾವ ಗಾತ್ರದ ಕಣ ಎಲ್ಲಿಗೆ ಇಳಿಯುತ್ತದೆ ಎಂದು ಒಂದೇ ಅಳತೆಯ ಕಣಗಳನ್ನು ಮಾಡಿ ಅಳೆದವರು ಅಳೆದುಕೊಟ್ಟಾಗಿದೆ. ನಾಲ್ಕು ಮೈಕ್ರಾನಿಗಿಂತ ಸಣ್ಣ ಕಣಕ್ಕೆ ಟವೆಲಿನ ನೇಯ್ಗೆ ತಡೆಯೇ ಅಲ್ಲ ಎಂಬುದೂ ಗೊತ್ತಿದೆ. ಗೊತ್ತಿರುವುದು ಕುಷ್ಟಗಿಯ ಆ ಹುಡುಗನ ಮೂಗಿನವರೆಗೆ ಬಂದಿಲ್ಲ. ಗೆರೆ ಅಳಿಸುತ್ತದೆ ಎಂಬ ಅವನ ಕಷ್ಟ ನಿಜವಾದದ್ದು, ಕರೆಂಟಿನ ಭಯವೂ ನಿಜವಾದದ್ದು. ಅವನೊಬ್ಬನಿಗೆ ಬುದ್ಧಿ ಹೇಳಿದರೆ ಕೆಲಸ ಆಗುವುದಿಲ್ಲ. ಕೆಲಸ ಕೊಡುವವರು ನಾವು, ಕಟ್ಟೆ ನಮ್ಮದು.

ಆದ್ದರಿಂದ ಮನೆ ಕಟ್ಟಿಸುತ್ತಿರುವವರಲ್ಲಿ ಒಂದು ಕೋರಿಕೆ. ಕಟ್ಟೆಯ ಅಳತೆಯನ್ನು ಮೊದಲೇ ತೆಗೆಸಿ, ಕಲ್ಲನ್ನು ಅಂಗಡಿಯವರ ನೀರಿನ ಮಷೀನಿನಲ್ಲೇ ಕುಯ್ಯಿಸಿ ತನ್ನಿ. ಸಿಂಕಿನ ತೂತು, ಮೂಲೆಯ ಅಂಚು ಅಂತ ಮನೆಯಲ್ಲೇ ಮಾಡುವುದು ಉಳಿದರೆ ಬಯಲಿನಲ್ಲಿ ಮಾಡಿಸಿ. ಕುಯ್ಯುವವರ ಕೈಗೂ ಪಕ್ಕದಲ್ಲಿ ಕಲ್ಲು ಹಿಡಿದವರ ಕೈಗೂ ಒಂದೊಂದು ಎನ್-95 ಮಾಸ್ಕ್ ಕೊಡಿ. ಅವರು ಅದನ್ನು ಹಾಕಿಕೊಂಡ ಮೇಲೆಯೇ ಸ್ವಿಚ್ ಹಾಕಿಸಿ.